ಸಂತೆ ದಿನದ ಸಾಂತ್ವನ

ಮಂಗಳವಾರ ಈ ಊರಿನ ಸಂತೆ. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಹಳ್ಳಿ ಕಡೆಯ ಬಸ್ಸುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಅವರೆಕಾಯಿ ಮೂಟೆ, ಕಾಲು ಕಟ್ಟಿದ ಕೋಳಿ, ಸೊಪ್ಪಿನ ಗಂಟು ಮೊದಲು ಇಳಿಯುತ್ತವೆ. ಆಮೇಲೆ ಹೆಂಗಸರು, ಕಂಕುಳಲ್ಲಿ ಮಡಿಸಿದ ಚೀಲ ಇರುಕಿಕೊಂಡು. ಗುಂಪು ಮಾತಾಡುತ್ತಾ ಸಂತೆ ಮೈದಾನದ ಕಡೆ ಹೊರಳುತ್ತದೆ. ಅದರೊಳಗಿಂದ ಒಬ್ಬಳೋ ಇಬ್ಬರೋ ಮಾತ್ರ ಬಳೆ ಅಂಗಡಿ ಮುಂದೆ ನಿಂತಂತೆ ಮಾಡಿ, ಹಿಂದೆ ಮುಂದೆ ನೋಡಿ, ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಅಂಟಿಕೊಂಡ ಸಂದಿಗೆ ನುಗ್ಗುತ್ತಾರೆ.

ಸಂದಿಯ ಕೊನೆಗೆ ಒಂದು ಹಳೇ ಹೆಂಚಿನ ಮನೆ. ಬೋರ್ಡಿನ ಬಣ್ಣ ಅರ್ಧ ಮಾಸಿದೆ: ಸಾಂತ್ವನ ಮಹಿಳಾ ಸಹಾಯವಾಣಿ ಕೇಂದ್ರ. ಸರ್ಕಾರದ ಯೋಜನೆ, ನಡೆಸುವುದು ಊರಿನದೇ ಒಂದು ಸ್ವಯಂಸೇವಾ ಸಂಸ್ಥೆ. ಮನೆಗೆ ಎರಡು ಬಾಗಿಲು. ಬಾಡಿಗೆಗೆ ಹುಡುಕುವಾಗ ಅವರು ನೋಡಿದ್ದು ಇದೊಂದನ್ನೇ. ಮುಂದಿನ ಬಾಗಿಲಿಗೆ ಗಂಡ ಬಂದು ನಿಂತರೆ ಹೆಂಡತಿ ಹಿತ್ತಲಿಂದ ಹೋಗಿ ಮಾರಮ್ಮನ ಗುಡಿ ಬೀದಿ ಸೇರಬಹುದು.

ಸಂತೆ ದಿನ ಇಲ್ಲಿ ಜನ ಹೆಚ್ಚು. ಕಾರಣ ಸುಲಭ. ಸಂತೆಗೆ ಹೋಗುತ್ತೇನೆಂದರೆ ಯಾವ ಮನೆಯಲ್ಲೂ ಯಾಕೆ ಅನ್ನುವುದಿಲ್ಲ, ಎರಡು ಗಂಟೆ ತಡವಾದರೂ ಲೆಕ್ಕ ಕೇಳುವುದಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. ಆಧಾರ್ ಕಾರ್ಡು ಸೆರಗಿನಲ್ಲಿದ್ದರಾಯಿತು, ಚಾರ್ಜಿಗೆಂದು ಗಂಡನ ಮುಂದೆ ಕೈಯೊಡ್ಡಬೇಕಾಗಿಲ್ಲ. ಶಕ್ತಿ ಯೋಜನೆಯ ಲಾಭನಷ್ಟ ಬರೆಯುವವರು ಈ ಸಂದಿಯನ್ನು ಲೆಕ್ಕಕ್ಕೆ ತಗೊಂಡದ್ದನ್ನು ನಾನಂತೂ ಓದಿಲ್ಲ. ತೊಡಕು ಒಂದೇ: ವಾಪಸ್ ಹೋಗುವಾಗ ಚೀಲ ಖಾಲಿ ಇರಬಾರದು. ಅದಕ್ಕೆಂದೇ ಕೇಂದ್ರದ ಸಮಾಜ ಕಾರ್ಯಕರ್ತೆಯೊಬ್ಬರು ಹನ್ನೊಂದು ಗಂಟೆಗೆ ಮೂರು ನಾಲ್ಕು ಚೀಲ ಹಿಡಿದು ತಾವೇ ಸಂತೆಗೆ ಹೊರಡುತ್ತಾರೆ. 'ನಿಮ್ಮನೇಲಿ ಬದನೆಕಾಯಿ ತಿಂತಾರೇನವ್ವ? ಹೂಕೋಸು ತರ್ಲಾ?' ಎಂದು ಕೇಳಿಕೊಂಡು. ಒಳಗೆ ಒಬ್ಬಳು ಅಳುತ್ತಿರುವಾಗ ಹೊರಗೆ ಅವಳ ಪಾಲಿನ ಟೊಮ್ಯಾಟೊ ತೂಕವಾಗುತ್ತಿರುತ್ತದೆ.

ಊರಿನ ಹೆಸರು ಬರೆಯುತ್ತಿಲ್ಲ. ತುಮಕೂರು ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲಿ ಒಂದು ಎಂದರೆ ಸಾಕು. ಬಂದವರ ಕಸುಬು, ಮಕ್ಕಳ ಲೆಕ್ಕ, ಹಳ್ಳಿಯ ದಿಕ್ಕು ಎಲ್ಲವನ್ನೂ ಅದಲು ಬದಲು ಮಾಡಿದ್ದೇನೆ. ಮಾತಿನ ಧಾಟಿಗೆ ಮಾತ್ರ ಕೈ ಹಚ್ಚಿಲ್ಲ.

ನಡುಮನೆಯಲ್ಲಿ ಒಂದು ಬೆಂಚು, ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ. ಗೋಡೆಯ ಮೇಲೆ ಮಹಿಳಾ ಸಹಾಯವಾಣಿ 181, ಪೊಲೀಸ್ 112, ಮಕ್ಕಳ ಸಹಾಯವಾಣಿ 1098 ಎಂದು ದೊಡ್ಡದಾಗಿ ಬರೆದ ಭಿತ್ತಿಪತ್ರ. ಕೆಳಗೆ, ಮಕ್ಕಳ ಎತ್ತರಕ್ಕೆ, ಬಳಪದಲ್ಲಿ ಗೀಚಿದ ಬಸ್ಸು, ಆನೆ, ಇನ್ನೊಂದು ಬಸ್ಸು. ಉಕ್ಕಿನ ಬೀರುವಿನಲ್ಲಿ ಕಡತಗಳು. ಬೆನ್ನಿನ ಮೇಲೆ ಹೆಸರಿಲ್ಲ, ಬರೀ ನಂಬರು. ಬೀರುವಿನ ಬೀಗದಕೈ ಆಪ್ತಸಮಾಲೋಚಕಿಯ ಕೊರಳಲ್ಲೇ ಇರುತ್ತದೆ. ಎಂಎಸ್‌ಡಬ್ಲ್ಯು ಓದಿದವರು, ನಲವತ್ತು ದಾಟಿದ ಹೆಂಗಸು. ಬರುವವರೆಲ್ಲ ಅವರನ್ನು 'ಮೇಡಮ್ಮೋರೆ' ಅನ್ನುತ್ತಾರೆ, ಸಮಾಜ ಕಾರ್ಯಕರ್ತೆಯರನ್ನು 'ಅಕ್ಕ' ಅನ್ನುತ್ತಾರೆ. ಗುಟ್ಟು ಹೇಳುವುದು ಅಕ್ಕನ ಹತ್ತಿರ, ದೂರು ಕೊಡುವುದು ಮೇಡಮ್ಮೋರ ಹತ್ತಿರ.

ಆವತ್ತು ಬೆಂಚಿನ ತುದಿಯಲ್ಲಿ ಕೂತಿದ್ದವಳಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಜೊತೆಗೆ ನಾಲ್ಕನೇ ಕ್ಲಾಸಿನ ಮಗಳು. ಹೆಸರು ಕೇಳಿದರೆ ಹೇಳಿದಳು, ಊರು ಕೇಳಿದರೆ ಹೇಳಿದಳು. ಏನಾಯ್ತವ್ವ ಅಂದದ್ದಕ್ಕೆ ಬಾಯಿ ಬಿಡಲಿಲ್ಲ. ಮೇಡಂ ಇನ್ನೊಂದು ಸಲ ಕೇಳಲಿಲ್ಲ. ಮೊರ ತುಂಬ ಅವರೆಕಾಯಿ ತಂದು ಚಾಪೆಯ ನಡುವೆ ಇಟ್ಟು ತಾವೇ ಸುಲಿಯತೊಡಗಿದರು. ಅವಳೂ ಬೆಂಚಿನಿಂದ ಇಳಿದು ಬಂದಳು. ನಾನೂ ಒಂದು ಹಿಡಿ ಎಳೆದುಕೊಂಡೆ. 'ಇವರು ಪತ್ರಿಕೆಗೆ ಬರೆಯೋರು. ಇರಬೇಕಾ, ಆಚೆ ಕೂರಬೇಕಾ, ನೀನೇ ಹೇಳು' ಎಂದರು ಮೇಡಂ. ಅವಳು ನನ್ನ ಕೈಯನ್ನೇ ನೋಡಿದಳು. ನಾನು ಸುಲಿಯುವ ಚೆಂದಕ್ಕೆ ನಗು ಬಂತೇನೋ. 'ಇರ್ಲಿ ಬುಡಿ. ಹೆಸ್ರು ಹಾಕ್ಬೇಡಿ ಅಷ್ಟೆ.'

ಕಾಲು ಮೊರ ಮುಗಿಯುವಷ್ಟರಲ್ಲಿ ಮಾತು ಹೊರಟಿತ್ತು. ಹೊಡೆತದ ಮಾತಲ್ಲ. ತುಮಕೂರಿನ ಖಾಸಗಿ ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸ ಇದೆಯಂತೆ, ಅವಳ ಚಿಕ್ಕಮ್ಮನ ಮಗಳು ಹೇಳಿದ್ದಾಳಂತೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಕೇಳುತ್ತಾರಂತೆ. 'ಕಾರ್ಡು ಬೀರೂನಾಗೆ ಐತೆ ಮೇಡಂ. ಬೀರು ಕೀ ನಮ್ಮತ್ತೆ ಸೊಂಟ್ದಾಗೆ. ಅದೊಂದು ಕೊಡ್ಸಿಬುಡಿ, ನಂಗೆ ಇನ್ನೇನೂ ಬ್ಯಾಡ.'

ಮೇಡಂ ಬರೆದುಕೊಳ್ಳಲಿಲ್ಲ. 'ಇನ್ನೇನೇನು ಐತೆ ಆ ಬೀರೂನಲ್ಲಿ?' ಎಂದರು. ಅವಳು ಸಿಪ್ಪೆ ಬಿಡಿಸುತ್ತಲೇ ಹೇಳಿದಳು: ಮಗಳ ಜನನ ಪ್ರಮಾಣಪತ್ರ, ತನ್ನ ಬ್ಯಾಂಕಿನ ಪುಸ್ತಕ, ಓಲೆ ಜುಮುಕಿ, ಅಪ್ಪ ಕೊಡಿಸಿದ ಎರಡು ರೇಷ್ಮೆ ಸೀರೆ. ಅಡುಗೆಮನೆಯಲ್ಲಿ ತವರಿನ ಮಿಕ್ಸಿ, ಕುಕ್ಕರು. ಮಾತು ಮಿಕ್ಸಿಗೆ ಬಂದಾಗ ತಡೆಯಿತು. ಬಲಗೈ ತೋಳಿನ ಮೇಲಿನ ಸೆರಗು ತಾನಾಗಿ ಸರಿಸಿದಳು. ಮಿಕ್ಸಿಯ ವೈರು. ಮಗಳು ಅಷ್ಟು ಹೊತ್ತಿಗೆ ಗೋಡೆಯ ಹತ್ತಿರ ಮೂರನೇ ಬಸ್ಸು ಬರೆಯುತ್ತಿದ್ದಳು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ಪ್ರಕಾರ ಈ ತೋಳಿನ ಗುರುತು, ಬೀರುವಿನಲ್ಲಿ ಬೀಗ ಹಾಕಿದ ಜುಮುಕಿ ಎರಡೂ ದೌರ್ಜನ್ಯವೇ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಕಚೇರಿ ಇಲ್ಲಿಂದ ರಸ್ತೆ ದಾಟಿದರೆ ಸಿಗುತ್ತದೆ. ನಡೆದದ್ದನ್ನು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟರೆ ಅದು ಕೌಟುಂಬಿಕ ಘಟನಾ ವರದಿಯಾಗಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ. ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ವಿಚಾರಣೆ, ಅರವತ್ತು ದಿನದೊಳಗೆ ತೀರ್ಮಾನ ಎಂಬುದು ಕಾಯ್ದೆಯ ಆಸೆ. ನ್ಯಾಯಾಲಯದ ವರಾಂಡದಲ್ಲಿ ಕೂತವರು ಈ ಅರವತ್ತು ದಿನವನ್ನು ನಂಬಿಕೊಂಡು ಮನೆ ಬಾಡಿಗೆ ಮಾತಾಡುವುದಿಲ್ಲ.

ಇದೆಲ್ಲವನ್ನೂ ಮೇಡಂ ಅವಳಿಗೆ ಹೇಳಿದರು. ಅವಸರ ಮಾಡಲಿಲ್ಲ. 'ಕೇಸು ಹಾಕ್ತೀನಿ ಅಂತಾನೂ ಇವತ್ತು ಹೇಳಬೇಕಾಗಿಲ್ಲ, ಹಾಕಲ್ಲ ಅಂತಾನೂ ಹೇಳಬೇಕಾಗಿಲ್ಲ. ಇವತ್ತು ರಾತ್ರಿ ಎಲ್ಲಿ ಮಲಗ್ತೀಯಾ, ಅದನ್ನ ಹೇಳು.' ಅವಳಿಗೆ ಉತ್ತರ ಗೊತ್ತಿತ್ತು: ಅದೇ ಮನೆಯಲ್ಲಿ. ಹಾಗಾದರೆ ಪಕ್ಕದ ಮನೆಯವರು ಹೇಗೆ? ಬಾಗಿಲ ಚಿಲಕ ಒಳಗಿಂದಲೋ ಹೊರಗಿಂದಲೋ? ಫೋನು ಯಾರ ಕೈಲಿ ಇರುತ್ತೆ? ಅಕ್ಕನ ನಂಬರನ್ನು ಅವಳ ಮೊಬೈಲಿನಲ್ಲಿ 'ಟೈಲರ್ ಅಕ್ಕ' ಎಂದು ಸೇರಿಸಿಕೊಟ್ಟರು. 'ಬ್ಲೌಸು ಹೊಲ್ದಾಯ್ತಾ' ಎಂದು ಕೇಳಿದರೆ ಭಯವಾಗಿದೆ ಎಂದು. 'ಬ್ಲೌಸು ಈಗಲೇ ಬೇಕು' ಎಂದರೆ ಪೊಲೀಸರನ್ನು ಕಳಿಸಿ ಎಂದು. ಮಗಳ ಶಾಲೆಯ ಮಾತೂ ಬಂತು. ತವರಿಗೆ ಹೋದರೆ ಟಿಸಿ ಇಲ್ಲದೆ ಅಲ್ಲಿನ ಶಾಲೆಯವರು ಸೇರಿಸಿಕೊಳ್ಳುತ್ತಾರಾ? ಸೇರಿಸಿಕೊಳ್ಳಬೇಕು, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವರ್ಗಾವಣೆ ಪತ್ರ ತಡವಾದದ್ದನ್ನು ನೆಪಮಾಡಿ ಮಗುವನ್ನು ಹೊರಗಿಡುವಂತಿಲ್ಲ. ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳು ಈ ಮಾತಿಗೆ ತಲೆಯೆತ್ತಿದಳು. 'ನಿಜಾನಾ ಮೇಡಂ?' ಎಂದು ಎರಡು ಸಲ ಕೇಳಿದಳು. ಟಿಸಿಯ ಭಯವೊಂದೇ ಅವಳನ್ನು ಆ ಮನೆಯಲ್ಲಿ ಎಷ್ಟು ಕಾಲ ಕಟ್ಟಿಹಾಕಿತ್ತೋ.

ಹೊರಡುವಾಗ ಚೀಲದಲ್ಲಿ ಟೊಮ್ಯಾಟೊ, ಈರುಳ್ಳಿ, ಒಂದು ಕಟ್ಟು ದಂಟಿನಸೊಪ್ಪು, ಮೇಲೆ ಸುಲಿದ ಅವರೆಕಾಳು.

ಇಂಥ ಮನೆಗಳು ಇದ್ದಕ್ಕಿದ್ದಂತೆ ಹುಟ್ಟಿದವಲ್ಲ. ದುರ್ಗಾಬಾಯಿ ದೇಶಮುಖರ ಮುಂದಾಳುತನದಲ್ಲಿ 1953ರಲ್ಲಿ ಶುರುವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ, ವರದಕ್ಷಿಣೆ ಸಾವುಗಳು ದಿನಪತ್ರಿಕೆಯ ಮುಖಪುಟಕ್ಕೆ ಬಂದ ಎಂಬತ್ತರ ದಶಕದಲ್ಲಿ, ಸ್ವಯಂಸೇವಾ ಸಂಸ್ಥೆಗಳ ಮೂಲಕ ಕುಟುಂಬ ಸಲಹಾ ಕೇಂದ್ರಗಳನ್ನು ತೆರೆಸಿತು. ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರ ಕಚೇರಿಯ ಆವರಣದಲ್ಲೇ ವನಿತಾ ಸಹಾಯವಾಣಿ ಬಂತು. 2000–01ರಲ್ಲಿ ಕರ್ನಾಟಕ ಸರ್ಕಾರ ಸಾಂತ್ವನ ಯೋಜನೆ ಹೊರಡಿಸಿ ಅದೇ ಕೆಲಸವನ್ನು ಜಿಲ್ಲೆ, ತಾಲ್ಲೂಕುಗಳಿಗೆ ಇಳಿಸಿತು. ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2015ರಲ್ಲಿ, ಒಂದೇ ಸೂರಿನಡಿ ಚಿಕಿತ್ಸೆ, ಕಾನೂನು, ಪೊಲೀಸು, ತಂಗುವ ಜಾಗ ಎಲ್ಲ ಸಿಗುವ ಸಖಿ ಕೇಂದ್ರಗಳ ಯೋಜನೆ ಶುರುವಾಯಿತು. ಸಖಿ ಇರುವುದು ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿ. ಸಂತೆಗೆಂದು ಹೊರಟವಳು ಜಿಲ್ಲಾ ಕೇಂದ್ರದವರೆಗೆ ಹೋಗಿಬರಲು ಇನ್ನೊಂದು ಸುಳ್ಳು ಹೊಂಚಬೇಕು.

ಹನ್ನೆರಡಕ್ಕೆ ಜಂಟಿ ಕೂಟ. ಇದು ಬೇರೆ ಸಂಸಾರ. ಗಂಡ, ಹೆಂಡತಿ, ಅತ್ತೆ. ಜೊತೆಗೆ ಬಿಳಿ ಪಂಚೆ ಬಿಳಿ ಶರಟಿನ ಮೂವರು ಯಜಮಾನರು. ನೋಟೀಸು ಹೋದದ್ದು ಗಂಡನೊಬ್ಬನಿಗೆ. ಆದರೆ ನಮ್ಮ ಕಡೆ ಗಂಡ ಒಬ್ಬನೇ ಎಲ್ಲೂ ಹೋಗುವುದಿಲ್ಲ, ಅವನ ಮರ್ಯಾದೆಯನ್ನು ಹೊತ್ತುಕೊಂಡು ನಾಲ್ಕು ಜನ ಹಿಂದೆ ಬರುತ್ತಾರೆ. ಮೇಡಂ ಎದ್ದು ನಿಂತು ಯಜಮಾನರಿಗೆ ಕೈಮುಗಿದರು. ಹಿರಿಯರು ಬಂದದ್ದು ಒಳ್ಳೆಯದಾಯಿತು, ಸಾಕ್ಷಿಗೆ ನಿಮ್ಮ ಸಹಿ ಬೇಕೇ ಬೇಕು, ಅಲ್ಲಿಯವರೆಗೆ ಜಗಲಿ ಮೇಲೆ ಕೂತು ಕಾಫಿ ಕುಡೀತಿರಿ ಎಂದರು. ಯಜಮಾನರು ಜಗಲಿಗೆ ಹೋದರು. ಅಕ್ಕ ಬಾಗಿಲು ಹಾಕಿದರು. ಇಷ್ಟು ನಯವಾದ ಉಚ್ಚಾಟನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕುರ್ಚಿಗಳನ್ನು ಎದುರು ಬದುರು ಹಾಕುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಮೇಡಂ ಕಡೆ ಮುಖ ಮಾಡಿ, ನಡುವೆ ಅಕ್ಕ. ಮೊದಲಿಗೆ ಅವನಿಗೆ ಒಂದು ನಿಯಮ ಓದಿ ಹೇಳಿದರು. 2006ರ ನಿಯಮಾವಳಿಯಲ್ಲಿ ಆಪ್ತಸಮಾಲೋಚಕರಿಗೆಂದು ಬರೆದದ್ದು: ಸಮಾಲೋಚನೆಯಲ್ಲಿ ಪ್ರತಿವಾದಿಯು ದೌರ್ಜನ್ಯಕ್ಕೆ ಸಮರ್ಥನೆ ಕೊಡುವಂತಿಲ್ಲ, ಕೊಡುವಂತಿಲ್ಲ ಎಂಬುದನ್ನು ಆರಂಭಕ್ಕೆ ಮುಂಚೆಯೇ ಅವನಿಗೆ ತಿಳಿಸಬೇಕು. ಮ್ಯಾಜಿಸ್ಟ್ರೇಟರು ಕಳಿಸುವ ಪ್ರಕರಣಗಳಿಗಾಗಿ ಇರುವ ನಿಯಮ ಅದು. ಈ ಮನೆಯಲ್ಲಿ ಎಲ್ಲ ಕೂಟಕ್ಕೂ ಅದೇ.

ಅವನಿಗೆ ಅರ್ಥವಾಗಲಿಲ್ಲ. 'ನಾನೇನ್ ದಿನಾ ಹೊಡಿತೀನಾ ಮೇಡಂ? ಕುಡ್ದಾಗ ಒಂದೇಟು.'

'ಲೆಕ್ಕ ಕೇಳಿಲ್ಲಪ್ಪ ನಾನು. ಹೊಡೆದಿದ್ದು ಹೌದೋ ಅಲ್ವೋ?'

'ಹೌದು. ಆದ್ರೆ ಅವ್ಳು ಎದುರು ಮಾತಾಡ್ತಾಳೆ.'

'ಎದುರು ಮಾತಾಡೋದರ ಬಗ್ಗೆ ಇನ್ನೊಂದಿನ ಕೂತು ಮಾತಾಡಣ. ಹೊಡೆದಿದ್ದಕ್ಕೆ ಅದು ಕಾರಣ ಅಂತ ಮಾತ್ರ ಇಲ್ಲಿ ಹೇಳೋಂಗಿಲ್ಲ.'

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಆದ್ರೆ ಎಂಬುದನ್ನು ಕಿತ್ತುಕೊಂಡ ಮೇಲೆ ಆಡಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. ಅತ್ತೆ ನೆರವಿಗೆ ಬಂದರು: 'ಮನೆ ನನ್ನ ಹೆಸ್ರಲ್ಲೈತೆ. ಇಷ್ಟ ಇದ್ರೆ ಇರ್ಲಿ, ಕಷ್ಟ ಆದ್ರೆ ಗಂಟು ಕಟ್ಲಿ.' ಇದು ಹಳ್ಳಿಯ ಮಾತು ಮಾತ್ರವಲ್ಲ, ಒಂದು ಕಾಲಕ್ಕೆ ಸುಪ್ರೀಂ ಕೋರ್ಟಿನ ಮಾತೂ ಆಗಿತ್ತು. ಅತ್ತೆಯ ಹೆಸರಿನ ಮನೆಯಲ್ಲಿ ಸೊಸೆ ವಾಸದ ಹಕ್ಕು ಕೇಳುವಂತಿಲ್ಲ ಎಂದು 2006ರ ಬಾತ್ರಾ ಪ್ರಕರಣದಲ್ಲಿ ಅದು ಹೇಳಿತ್ತು. 2020ರಲ್ಲಿ, ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಆ ತೀರ್ಪು ಸರಿಯಲ್ಲ ಎಂದರು. ಸಂಸಾರ ನಡೆಸಿದ ಮನೆ ಯಾರ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದು. ಮೇಡಂ ತೀರ್ಪಿನ ಹೆಸರು ಎತ್ತಲಿಲ್ಲ. 'ಖಾತೆ ನಿಮ್ಮದೇ ಕಣಮ್ಮ, ಯಾರೂ ಕಿತ್ತುಕೊಳ್ಳಲ್ಲ. ಆದ್ರೆ ಅವಳನ್ನ ಆಚೆ ಹಾಕೋಕಾಗಲ್ಲ. ಹಾಕಿದ್ರೆ ಪೊಲೀಸ್ನೋರು ವಾಪಸ್ ಬಿಟ್ಟು ಬರ್ತಾರೆ, ಊರೋರೆಲ್ಲ ನೋಡ್ತಾರೆ' ಎಂದರು. ಅತ್ತೆಯ ಮುಖದಲ್ಲಿ ಕಾನೂನಿಗಿಂತ 'ಊರೋರು' ಎಂಬ ಮಾತು ಹೆಚ್ಚು ಕೆಲಸ ಮಾಡಿತು.

ಜಗಳದ ಬೇರು ಹುಡುಕುತ್ತಾ ಹೋದರೆ ಅಲ್ಲಿ ಸಿಕ್ಕಿದ್ದು ಪಡಿತರ ಚೀಟಿ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿ ಬರುವುದು ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವ ಹೆಂಗಸಿಗೆ. ಈ ಮನೆಯಲ್ಲಿ ಅದು ಅತ್ತೆ. ಹಣ ಮಗನ ಕೈಗೆ, ಅಲ್ಲಿಂದ ಬಾರಿಗೆ. ಸೊಸೆ ಬೇರೆ ಚೀಟಿ ಮಾಡಿಸೋಣ ಅಂದಳು. ಬೇರೆ ಚೀಟಿ ಅಂದರೆ ಬೇರೆ ಒಲೆ, ಬೇರೆ ಒಲೆ ಅಂದರೆ ಮನೆ ಒಡೆದಂತೆ ಎಂದು ಅತ್ತೆಗೆ ಕಂಡಿತು. ಅಲ್ಲಿಂದ ಹೊಡೆತ. ಈ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಪೂರ್ತಿ ಆಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಹೆಸರಿಗೆ ಬಂದ ದುಡ್ಡು ಅದು. ಮಗ ಕಿತ್ತುಕೊಂಡರೂ, ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದಾದರೂ ತಾನು ಎಂಬ ಹಿಗ್ಗು ಇದ್ದೀತು.

ಕೊನೆಗೆ ಮುಚ್ಚಳಿಕೆ. ಅವನು ಬಾಂಡ್ ಪೇಪರ್ ಮೇಲೇ ಬರೆದುಕೊಡುತ್ತೇನೆಂದ. ಬಾಂಡ್ ಪೇಪರಿನ ಮೇಲಿನ ಭಕ್ತಿ ಹಳ್ಳಿಗಳಲ್ಲಿ ಇನ್ನೂ ಇದೆ. ಅದರ ಮೇಲೆ ಬಿಡುಗಡೆ ಪತ್ರ ಬರೆಸಿ, ನೋಟರಿ ಮುದ್ರೆ ಹಾಕಿಸಿ, ವಿಚ್ಛೇದನ ಆಯಿತೆಂದು ಎರಡನೇ ಮದುವೆಗೆ ಹೊರಟವರನ್ನು ಈ ಮನೆ ಎಷ್ಟೋ ಕಂಡಿದೆ. ಬಿಳಿ ಹಾಳೆ ಸಾಕು ಎಂದರು ಮೇಡಂ. ಹೊಡೆಯುವುದಿಲ್ಲ, ಫೋನಿನಲ್ಲೂ ಬೈದು ಹೆದರಿಸುವುದಿಲ್ಲ, ಮನೆಯಿಂದ ಆಚೆ ಹಾಕುವುದಿಲ್ಲ, ಮದ್ಯವರ್ಜನ ಶಿಬಿರಕ್ಕೆ ಹೋಗುತ್ತೇನೆ, ಹದಿನೈದು ದಿನಕ್ಕೊಮ್ಮೆ ಇಲ್ಲಿಗೆ ಬರುತ್ತೇನೆ. ಇದು ಕೋರ್ಟಿನ ಆದೇಶವಲ್ಲ. ಮುರಿದರೆ ನಾಳೆ ಕೋರ್ಟಿನಲ್ಲಿ ಸಾಕ್ಷಿಗೆ ಬರುವ ಕಾಗದ. ಹೆಂಡತಿಯನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿ, 'ನಿಂಗೆ ಒಪ್ಪಿಗೆನಾ? ನಾಲ್ಕು ಜನ ಕೂತವ್ರೆ ಅಂತ ಒಪ್ಪಬೇಡ' ಎಂದು ಕೇಳಿದ ಮೇಲೆಯೇ ಸಹಿ. ಅವಳು ಒಪ್ಪಿದಳು. ಆದರೆ ತನ್ನ ಚೀಟಿ ತನಗೆ ಬೇಕು ಎಂಬ ಸಾಲನ್ನೂ ಸೇರಿಸಿ ಎಂದಳು. ಸೇರಿತು. ಜಗಲಿಯ ಯಜಮಾನರು ಬಂದು ಓದದೆ ಸಹಿ ಹಾಕಿದರು. ಅವರಲ್ಲೊಬ್ಬರು ಹೊರಡುವಾಗ, 'ಹೆಣ್ಮಕ್ಳು ಒಸಿ ತಗ್ಗಿ ಬಗ್ಗಿ ನಡೀಬೇಕು' ಎಂದು ಗಾಳಿಗೆ ಹೇಳಿದರು. ಗಾಳಿ ಕೇಳಿಸಿಕೊಂಡಿತು.

ಮದುವೆಯ ಕಥೆಗಳಷ್ಟೇ ಇಲ್ಲಿಗೆ ಬರುವುದಿಲ್ಲ. ಊಟದ ಹೊತ್ತಿಗೆ ಒಬ್ಬ ಮುದುಕರು ಬಂದರು. ದಾನಪತ್ರ ಮಾಡಿ ಮಗನಿಗೆ ಹೊಲ ಕೊಟ್ಟಿದ್ದಾರೆ, ಮಗ ಅನ್ನ ನಿಲ್ಲಿಸಿದ್ದಾನೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು, ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶಕ್ಕೆ ಆದೇಶವಾಗಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟಿದ್ದರೆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಮುದುಕರು ಪತ್ರ ತೆಗೆದು ತೋರಿಸಿದರು. ಷರತ್ತು ಬರೆದಿರಲಿಲ್ಲ. 'ಮಗಂಗೆ ಯಾರಾರ ಷರತ್ತು ಬರೀತಾರಾ ತಾಯಿ?' ಎಂದರು. ಅರ್ಜಿ ಬರೆದುಕೊಟ್ಟರು, ಜೀವನಾಂಶಕ್ಕೆ. ಹೊಲದ ಮಾತು ವಕೀಲರಿಗೆ ಬಿಟ್ಟರು.

ಮಂಗಳವಾರಕ್ಕೆ ಇನ್ನೊಂದು ಅನುಕೂಲವಿದೆ. 'ಮನೋಚೈತನ್ಯ' ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರವೇ. ಸಂಶಯದ ಗಂಡಂದಿರಲ್ಲಿ ಬಹುಪಾಲು ಜನರಿಗೆ ಇರುವುದು ರೋಗವಲ್ಲ, ಅಧಿಕಾರ. ಆದರೆ ಅಪರೂಪಕ್ಕೊಬ್ಬ ಬರುತ್ತಾನೆ: ಹೆಂಡತಿ ಅನ್ನಕ್ಕೆ ಮದ್ದು ಹಾಕುತ್ತಾಳೆ, ಹೆಂಚಿನ ಮೇಲೆ ಯಾರೋ ಕೂತು ತನ್ನ ಮಾತು ಕೇಳುತ್ತಾರೆ, ಟಿವಿಯಲ್ಲಿ ತನ್ನ ಹೆಸರು ಹೇಳುತ್ತಾರೆ. ನಿದ್ದೆಯಿಲ್ಲದೆ ಕಣ್ಣು ಕೆಂಪಗಿರುತ್ತದೆ. ಅಂಥವನಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ ಎಂದು ಗುರುತಿಸುವುದು ಈ ಕೆಲಸದ ಕಷ್ಟದ ಭಾಗ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ಮಾಡಿ ತೋರಿಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇವತ್ತು ಸಂತೆಯಿಂದ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಔಷಧಿ ಸಿಗುತ್ತಿದ್ದರೆ ಅದರ ಹಿಂದೆ ಆ ಕೆಲಸವೂ ಇದೆ. ಅಕ್ಕ ಅವನನ್ನು 'ನಿದ್ದೆ ಬರೋ ಮಾತ್ರೆ ಕೊಡ್ತಾರೆ ಬಾರಣ್ಣ' ಎಂದು ಕರೆದುಕೊಂಡು ಹೋಗುತ್ತಾರೆ. ಹೆಂಡತಿ ಅಷ್ಟು ಹೊತ್ತು ಇಲ್ಲಿ, ಹಿತ್ತಲ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿರುತ್ತಾಳೆ.

ಬುಧವಾರ, ಗುರುವಾರ ಮನೆ ಭೇಟಿ. ಅಕ್ಕ ಕೇಂದ್ರದ ಹೆಸರು ಹೇಳಿಕೊಂಡು ಹೋಗುವುದಿಲ್ಲ. ಒಂದು ಊರಿನಲ್ಲಿ ಸಂಘದ ಸಾಲದ ವಿಚಾರ, ಇನ್ನೊಂದರಲ್ಲಿ ಹೊಲಿಗೆ ತರಬೇತಿ. ಕೊಟ್ಟಿಗೆ ಬಾಗಿಲಲ್ಲಿ ನಿಂತು ಎಮ್ಮೆ ಎಷ್ಟು ಲೀಟರ್ ಕೊಡುತ್ತೆ, ಡೇರಿಯಲ್ಲಿ ರೇಟು ಎಷ್ಟು ಎಂದು ಅತ್ತೆಯ ಜೊತೆ ಮಾತಾಡುತ್ತಾ ಸೊಸೆಯ ಕೈ ನೋಡುತ್ತಾರೆ. ಗಾಜಿನ ಬಳೆ ತುಂಬಾ ಇದ್ದರೆ ಒಂದು ಅಂದಾಜು, ಎರಡೇ ಉಳಿದಿದ್ದರೆ ಇನ್ನೊಂದು. ಮಕ್ಕಳು ಅಪ್ಪ ಬಂದಾಗ ಹತ್ತಿರ ಓಡುತ್ತವೋ ಗೋಡೆ ಕಡೆ ಸರಿಯುತ್ತವೋ. ಹಿಂತಿರುಗಿ ಬಂದು ಕಡತದಲ್ಲಿ ಎರಡು ಸಾಲು. ನಾನು ಓದಿದ ಸಾಲುಗಳಲ್ಲಿ ಒಂದು ಹೀಗಿತ್ತು: 'ನಗುತ್ತಾ ಮಾತಾಡಿದಳು. ಊಟ ಬೇಡವೆಂದರೆ ಕಾಫಿಯನ್ನಾದರೂ ಕೊಡುತ್ತೇನೆಂದಳು. ಹೋದ ಸಲ ನೀರೂ ಕೊಟ್ಟಿರಲಿಲ್ಲ.'

ಈ ಸಾಲಿಗೆ ತಿಂಗಳ ವರದಿಯಲ್ಲಿ ಜಾಗವಿಲ್ಲ. ವರದಿಯ ಅಂಕಣಗಳು ಬೇರೆ: ಬಂದ ಪ್ರಕರಣ, ರಾಜಿಯಾದದ್ದು, ನ್ಯಾಯಾಲಯಕ್ಕೆ ಹೋದದ್ದು, ಬಾಕಿ. ಮೇಲಿನವರ ಕಣ್ಣು ಮೊದಲು ಓಡುವುದು ರಾಜಿಯ ಅಂಕಣಕ್ಕೆ. ಪೊಲೀಸರು, ಊರ ಯಜಮಾನರು, ಹೆಣ್ಣಿನ ತವರಿನವರು ಎಲ್ಲರಿಗೂ ಅಲ್ಲಿನ ಸಂಖ್ಯೆ ದಪ್ಪಗಿರಬೇಕು. 'ಎಷ್ಟು ಸಂಸಾರ ಒಂದು ಮಾಡಿದ್ರಿ?' ಎಂದೇ ಪರಿಚಯಸ್ಥರು ಕೇಳುವುದು. ನನಗೆ ಈ ಅಂಕಣದ ಮೇಲೆ ತಕರಾರಿದೆ. ರಾಜಿ ಎಂದು ಬರೆದು ಮುಚ್ಚಿದ ಕಡತದ ಹೆಂಗಸು ಹೇಗಿದ್ದಾಳೆ ಎಂದು ಆರು ತಿಂಗಳ ಮೇಲೆ ನೋಡಿದರೆ ಮಾತ್ರ ಅದು ರಾಜಿಯೋ, ದಣಿದು ಬಿಟ್ಟುಕೊಟ್ಟದ್ದೋ ಗೊತ್ತಾಗುವುದು. ಅದನ್ನು ನೋಡಲು ಅಕ್ಕ ಬಸ್ಸು ಹತ್ತಬೇಕು. ಅಕ್ಕನ ಗೌರವಧನ ತಿಂಗಳುಗಟ್ಟಲೆ ತಡವಾಗುತ್ತದೆ. ಅವರ ಬಸ್ಸೂ ಈಗ ಉಚಿತವಾದದ್ದರಿಂದ ಮನೆ ಭೇಟಿ ನಿಂತಿಲ್ಲ ಎಂದು ನಗುತ್ತಾರೆ. ನಾನು ನಗಲಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ, ಎಂದರೆ 2015–16ರಲ್ಲಿ, ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಎಂದ ಕರ್ನಾಟಕದ ಹೆಂಗಸರು ಶೇ 20.6. ಐದನೇ ಸುತ್ತಿನಲ್ಲಿ ಶೇ 44.4. ದೇಶದಲ್ಲೇ ಹೆಚ್ಚು. ಹೊಡೆತ ಹೆಚ್ಚಿತೋ, ಹೇಳುವ ಬಾಯಿ ಹೆಚ್ಚಿತೋ ಎಂಬುದನ್ನು ಅಂಕಿ ಬಿಡಿಸಿ ಹೇಳುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೊಡೆತ ತಿಂದವರಲ್ಲಿ ಸಹಾಯ ಕೇಳಿಕೊಂಡು ಹೋದವರು ಶೇ 14 ಮಾತ್ರ. ಹೋದವರಲ್ಲೂ ಬಹುತೇಕರು ಹೋದದ್ದು ತವರಿಗೆ. ಬಳೆ ಅಂಗಡಿ ಮುಂದೆ ನಿಂತು ಹಿಂದೆ ಮುಂದೆ ನೋಡುವವಳು ಎಷ್ಟು ಅಪರೂಪದವಳು ಎಂದು ಇದರಿಂದ ತಿಳಿಯುತ್ತದೆ.

ಮಾರ್ಕ್ಸ್ ಕಾರ್ಡಿನ ಹುಡುಗಿ ಮುಂದಿನ ಸಂತೆಗೆ ಬರಲಿಲ್ಲ. ಆಮೇಲೆ ಒಂದು ರಾತ್ರಿ ಟೈಲರ್ ಅಕ್ಕನಿಗೆ ಫೋನು ಬಂತು. ಬ್ಲೌಸು ಈಗಲೇ ಬೇಕು. ಠಾಣೆಗೆ ತಿಳಿಸಿ, ಅಕ್ಕನೂ ಆಟೊ ಮಾಡಿಕೊಂಡು ಹೋಗಿ, ತಾಯಿ ಮಗಳನ್ನು ಆ ಹೊತ್ತಿನಲ್ಲೇ ತವರಿಗೆ ತಲುಪಿಸಿದರು. ಘಟನಾ ವರದಿ ಆಯಿತು. ಮಗಳು ಟಿಸಿ ಇಲ್ಲದೆಯೇ ಶಾಲೆಗೆ ಸೇರಿದಳು. ಸಾಮಾನು ಕೊಡಿಸುವುದಕ್ಕೆ ಎರಡೂ ಕಡೆಯವರನ್ನು ಠಾಣೆಗೆ ಕರೆಸಿದ ದಿನ ನಾನೂ ಹೋಗಿದ್ದೆ.

ಠಾಣೆಯ ಜಗಲಿಯ ಮೇಲೆ ಬೆಡ್‌ಶೀಟ್ ಹಾಸಿ ಸಾಮಾನು ಹರವಿದ್ದರು. ಮಹಿಳಾ ಪೇದೆ ಪಟ್ಟಿ ಹಿಡಿದು ಒಂದೊಂದೇ ಕೂಗುತ್ತಿದ್ದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದು. ಹುಡುಗಿ ಪ್ಲಾಸ್ಟಿಕ್ ಕವರಿನಿಂದ ತೆಗೆದು, ಹಿಂದೆ ಮುಂದೆ ತಿರುಗಿಸಿ, ರಿಜಿಸ್ಟರ್ ನಂಬರು ಓದಿ ನೋಡಿ, ಮತ್ತೆ ಕವರಿಗೆ ಹಾಕಿ, ಅಕ್ಕನ ಕೈಗೆ ಕೊಟ್ಟಳು. ಜನನ ಪ್ರಮಾಣಪತ್ರ ಒಂದು. ಬ್ಯಾಂಕ್ ಪುಸ್ತಕ ಒಂದು. ಜುಮುಕಿ ಒಂದು ಜೊತೆ. ತಿರುಪು ಒಂದು ಇರಲಿಲ್ಲ, ಅದನ್ನೂ ಬರೆದುಕೊಂಡರು. ರೇಷ್ಮೆ ಸೀರೆ ಎರಡು. ಅತ್ತೆ ಮೊದಲಿಂದಲೂ ಬಾಯಿ ಬಿಟ್ಟಿರಲಿಲ್ಲ. ಕುಕ್ಕರಿಗೆ ಬಂದಾಗ, 'ಗ್ಯಾಸ್ಕೆಟ್ ನಾನು ಹಾಕ್ಸಿದ್ದು' ಎಂದರು.

'ಎಷ್ಟು ಕೊಟ್ರಿ?' ಎಂದಳು ಪೇದೆ.

'ನೂರಿಪ್ಪತ್ತು.'

ಹುಡುಗಿ ಪರ್ಸಿನಿಂದ ನೂರಿಪ್ಪತ್ತು ಎಣಿಸಿ ಅತ್ತೆಯ ಮುಂದೆ ಇಟ್ಟಳು. ಅತ್ತೆ ಎತ್ತಿಕೊಂಡರು. ಪೇದೆ ಅದನ್ನೂ ಪಟ್ಟಿಯ ಅಂಚಿನಲ್ಲಿ ಬರೆದಳು.

ಮಿಕ್ಸಿ ಒಂದು, ಜಾರು ಮೂರು ಎಂದು ಪಟ್ಟಿ ಹೇಳಿತು. ಜಗಲಿಯ ಮೇಲೆ ಎರಡೇ ಇದ್ದವು. ಚಟ್ನಿ ಜಾರು ಎಲ್ಲಿ ಎಂದರೆ ಒಡೆದುಹೋಯಿತು ಎಂದರು ಅತ್ತೆ. ಸ್ಟೀಲಿಂದು ಒಡೆಯುತ್ತಾ ಎಂದಳು ಪೇದೆ. ಗಂಡ ಬೈಕಿನ ಮೇಲೆ ಕೂತು ಮೊಬೈಲು ನೋಡುತ್ತಿದ್ದ.

'ಮಿಕ್ಸಿ ಬ್ಯಾಡ' ಎಂದಳು ಹುಡುಗಿ. 'ಅದನ್ನ ಪಟ್ಟೀಲಿ ಹೊಡ್ದಾಕಿ.'

ಅಪ್ಪ ದುಡ್ಡು ಕೊಟ್ಟು ತಂದದ್ದು, ಯಾಕೆ ಬಿಡಬೇಕು ಎಂದು ಅವಳ ತಾಯಿ ಗೊಣಗಿದರು. ಪೇದೆ ಒಂದು ಗಳಿಗೆ ಮೇಡಂ ಮುಖ ನೋಡಿದಳು. ಮೇಡಂ ತಲೆಯಾಡಿಸಿದರು. ಪೇದೆ ಮಿಕ್ಸಿಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹುಡುಗಿಯ ಸಹಿ ಹಾಕಿಸಿಕೊಂಡು, ಇಬ್ಬರಿಗೂ ಒಂದೊಂದು ಜೆರಾಕ್ಸ್ ಮಾಡಿಸಿಕೊಳ್ಳಿ, ಅಂಗಡಿ ಎರಡಕ್ಕೆ ಬಾಗಿಲು ಹಾಕುತ್ತಾನೆ ಎಂದಳು.